ಯಂತ್ರಕ್ಕೆ ಹಳೇ ಬುದ್ಧಿ ಬರಿಸಿದ ಕತ್ತರಿಯಣ್ಣ

ಕತ್ತರಿಯಣ್ಣನ ಅಂಗಡಿಗೆ ತಲೆ ಹಗುರ ಮಾಡಿಕೊಳ್ಳಲು ಬಂದವರು ಕಿವಿ ಭಾರ ಮಾಡಿಕೊಂಡು ಹೋಗುತ್ತಿದ್ದರು. ಅವನ ಕತ್ತರಿ ಆಡಬೇಕೆಂದರೆ ನಾಲಿಗೆಯೂ ಆಡಬೇಕು. ನಾಲಿಗೆ ನಿಂತಿತೋ, ಕೈಯೂ ನಿಂತಿತು. ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳ ಹಾಗೆ. ಗಂಟಲು ಕಟ್ಟಿದ ದಿನ ಅವನು ಅಂಗಡಿಯ ಬಾಗಿಲನ್ನೇ ತೆರೆಯುತ್ತಿರಲಿಲ್ಲ. "ಬರೀ ಕೂದಲು ಕತ್ತರಿಸೋಕೆ ನಾನ್ಯಾಕೆ ಬೇಕು? ಕುರಿ ಕಾಯೋನೂ ಉಣ್ಣೆ ಕತ್ತರಿಸ್ತಾನೆ" ಎನ್ನುವುದು ಅವನ ವಾದ.

ಅಂಗಡಿ ಇದ್ದದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಈ ಪಕ್ಕ ಬೀಗದ ಕೈ ಮಾಡುವವನು, ಆ ಪಕ್ಕ ಜೆರಾಕ್ಸ್ ಅಂಗಡಿ. ಒಳಗೆ ಎರಡು ತಿರುಗುವ ಕುರ್ಚಿ. ಅದರಲ್ಲೊಂದರ ತಿರುಗಣಿ ಸಡಿಲವಾಗಿ, ಕೂತವರು ತಾವಾಗಿಯೇ ಮೆಲ್ಲಗೆ ಬೀದಿಯ ಕಡೆ ತಿರುಗಿಬಿಡುತ್ತಿದ್ದರಿಂದ ಅದನ್ನು ಸರದಿ ಕಾಯುವವರಿಗೆ ಬಿಟ್ಟಿದ್ದ. ಗೋಡೆಯುದ್ದ ಕನ್ನಡಿ, ಕನ್ನಡಿಯ ಪಕ್ಕದಲ್ಲೊಂದು ಪರದೆ, ಪರದೆಯ ಹಿಂದೆ ಒಬ್ಬ ಮನುಷ್ಯ ಕೂತರೆ ಇನ್ನೊಬ್ಬ ನಿಲ್ಲಲಾಗದಷ್ಟು ಕೋಣೆ. ಆ ಕೋಣೆಯಲ್ಲಿತ್ತು ಅವನ ಕಂಪ್ಯೂಟರ್.

ಅದು ಕೊಂಡದ್ದಲ್ಲ, ಬಂದದ್ದು. ಎದುರುಗಡೆಯ ಆಫೀಸಿನವರು ಖಾಲಿ ಮಾಡಿಕೊಂಡು ಹೋಗುವಾಗ ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದರು. ಬೀದಿಪಾಲಾದ ಕೂಸನ್ನು ಎತ್ತಿಕೊಂಡ ಹಾಗೆ ಕತ್ತರಿಯಣ್ಣ ಎತ್ತಿಕೊಂಡು ಬಂದ. ಟೀವಿ ಎಂದುಕೊಂಡು ಆಂಟೆನಾ ಹಾಕುವ ತೂತು ಹುಡುಕಿದ್ದೂ ಉಂಟು. ಆದರೆ ಕತ್ತರಿಯಣ್ಣ ಕಲಿಯಲು ನಾಚುವವನಲ್ಲ. ಕ್ಷೌರವನ್ನೂ ಅವನಿಗೆ ಯಾರೂ ಕಲಿಸಿರಲಿಲ್ಲ. ಮೊದಲು ಕೈಗೆ ಸಿಕ್ಕಿದ್ದು ಸ್ವಂತ ತಮ್ಮನ ತಲೆ, ಆ ತಮ್ಮ ಬಹಳ ಕಾಲ ಟೋಪಿ ತೆಗೆಯಲಿಲ್ಲ, ಆದರೆ ವಿದ್ಯೆ ಬಂತು. ಕಂಪ್ಯೂಟರೂ ಹಾಗೆಯೇ ಬಂತು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಒಂದೊಂದನ್ನೇ ಒತ್ತಿ ನೋಡುತ್ತ, ಬೈಯುತ್ತ, ಬೈಸಿಕೊಳ್ಳುತ್ತ ಕಲಿತ.

ಅದರ ಜೊತೆ ಒಂದು ಫ್ಲಾಪಿ ಬಂದಿತ್ತು. ಫ್ಲಾಪಿಯಲ್ಲಿ ಚದುರಂಗದ ಆಟ. ಆಟದಲ್ಲಿ 'ಅತಿ ಕಠಿಣ' ಎಂಬ ಒಂದು ಮಟ್ಟ. ಆ ಮಟ್ಟದಲ್ಲಿ ಕೂತರೆ ಯಂತ್ರ ಪ್ರತಿ ನಡೆಗೂ ಪೂರ್ತಿ ಒಂದು ನಿಮಿಷ ಯೋಚಿಸಿ, ಪೀಂ ಎಂದು ಕೂಗಿ, ತನ್ನ ಕಾಯಿ ನಡೆಸುತ್ತಿತ್ತು. ಇದು ಅಂಗಡಿಗೆ ಹೇಳಿ ಮಾಡಿಸಿದ ಹಾಗಿತ್ತು. ಇವನು ಒಂದು ನಡೆ ನಡೆಸಿ ಬಂದು ಗಿರಾಕಿಯ ಕೆನ್ನೆ ಕೆರೆಯುವನು. ಪೀಂ ಎಂದ ಕೂಡಲೇ ಕತ್ತಿಯನ್ನು ಹಾಗೇ ಹಿಡಿದು ಪರದೆಯೊಳಗೆ ನುಗ್ಗುವನು. ಅರ್ಧ ಗಡ್ಡದ ಗಿರಾಕಿಗಳು ಕನ್ನಡಿ ನೋಡುತ್ತ ಕಾಯುತ್ತಿದ್ದರು. ಬೀದಿಯವರಿಗೆ ಅಭ್ಯಾಸವಾಗಿತ್ತು.

ಒಂದು ದಿನ ಕತ್ತರಿಯಣ್ಣ ಆ ಅತಿ ಕಠಿಣವನ್ನು ಸೋಲಿಸಿಬಿಟ್ಟ. ತನ್ನ ಮಂತ್ರಿಯನ್ನೇ ಬಲಿ ಕೊಟ್ಟು, ಯಂತ್ರ ಆಸೆಬುರುಕ ನಾಯಿಯ ಹಾಗೆ ಮಂತ್ರಿಯ ಮೇಲೆ ಬಿದ್ದಾಗ, ಕುದುರೆ ಮತ್ತು ಆನೆಯಿಂದ ಅದರ ರಾಜನ ಉಸಿರು ಕಟ್ಟಿಸಿ ಗೆದ್ದ. ನೋಡಿದವರು ಯಾರೂ ಇರಲಿಲ್ಲ. ಕುರ್ಚಿಯಲ್ಲಿದ್ದ ಗಿರಾಕಿ ನಿದ್ದೆ ಹೋಗಿದ್ದ.

ಅಂದಿನಿಂದ ಅವನಿಗೆ ಬೇರೆ ಕಥೆ ಬೇಕಾಗಲಿಲ್ಲ. ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬನಿಗೂ ಆ ಆಟವನ್ನು ನಡೆ ನಡೆಯಾಗಿ, ಒಂದು ಕಾಲಾಳನ್ನೂ ಬಿಡದೆ ಹೇಳುತ್ತಿದ್ದ. ಯಾರೂ ಅನುಮಾನಪಡಲಿಲ್ಲ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಅನುಮಾನಪಡುವವನು ಎಲ್ಲಿದ್ದಾನೆ?

ಇದ್ದರು, ಒಬ್ಬರಿದ್ದರು. ಅವರೇ ಅವನ ಬೀಗರು, ಮಗಳ ಮಾವ. ಅವರ ತಲೆ ಬೋಳು, ಕಂಚಿನ ತಟ್ಟೆಯಷ್ಟು ನುಣುಪು. ಗಡ್ಡವನ್ನು ಮನೆಯಲ್ಲಿ ತಾವೇ ಕೆರೆದುಕೊಳ್ಳುತ್ತಿದ್ದರು. ಹಾಗಾಗಿ ಕತ್ತರಿಯಣ್ಣನ ಕುರ್ಚಿಯಲ್ಲಿ ಕೂತು ನಂಬಬೇಕಾದ ಪ್ರಮೇಯವೇ ಅವರಿಗೆ ಬಂದಿರಲಿಲ್ಲ. ಜೀವಮಾನವಿಡೀ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸ ಮಾಡಿ, ಲಾರಿ ಬಾರದ ಹೊತ್ತಿನಲ್ಲಿ ಚದುರಂಗ ಆಡಿ ನಿವೃತ್ತರಾದವರು. ತೂಗಿ ನೋಡದೆ ಅವರು ಹೆಂಡತಿ ಕೊಟ್ಟ ಚಹಾವನ್ನೂ ಚೆನ್ನಾಗಿದೆ ಅನ್ನುವವರಲ್ಲ.

ಒಂದು ಮಧ್ಯಾಹ್ನ ಎರಡೂ ಮನೆಯವರು ಒಟ್ಟಿಗೆ ಊಟಕ್ಕೆ ಕೂತಿದ್ದರು. ಕತ್ತರಿಯಣ್ಣ ಉಪ್ಪಿನ ಡಬ್ಬಿಯನ್ನು ಮಂತ್ರಿ ಮಾಡಿ, ಲೋಟವನ್ನು ರಾಜ ಮಾಡಿ ಕಥೆ ಶುರು ಮಾಡಿದ. ಬೀಗರು ಕೈ ತೊಳೆದುಕೊಂಡು ಬಂದು ಹೇಳಿದರು:

"ಬೀಗರೇ, ಒಂದು ಮಾತು. ಲಾರಿ ಡ್ರೈವರುಗಳು ನನ್ನ ಹತ್ರ ಬಂದು, 'ಇಷ್ಟು ಟನ್ ಇದೆ ಸ್ವಾಮಿ, ಬರ್ಕೊಳಿ' ಅಂತಿದ್ರು. ನಾನು ಏನ್ ಹೇಳ್ತಿದ್ದೆ ಗೊತ್ತಾ? 'ಹತ್ತಿಸು ತೂಕದ ಕಟ್ಟೆಗೆ' ಅಂತಿದ್ದೆ."

"ಅಂದ್ರೆ? ನಾನು ಸುಳ್ಳು ಹೇಳ್ತಿದೀನಾ?"

"ನಾನೆಲ್ಲಿ ಹಾಗಂದೆ? ಹತ್ತಿಸಿ ಕಟ್ಟೆಗೆ ಅಂದೆ. ಆ ಯಂತ್ರ ತನ್ನಿ, ನನ್ನೆದುರು ಸೋಲಿಸಿ. ಆಗಲಿಲ್ಲ ಅಂದ್ರೆ ಈ ಕಥೆಗೆ ಇವತ್ತೇ ಮಂಗಳ. ಮತ್ತೆ ಬಾಯಿ ಬಿಡಬಾರದು."

ಕತ್ತರಿಯಣ್ಣ ಎದೆ ತಟ್ಟಿ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ನೆನಪಾಯಿತು, ಯಂತ್ರ ಸತ್ತು ಬಹಳ ಕಾಲವಾಗಿತ್ತು. ಸತ್ತದ್ದೂ ಅವನ ಕೈಯಿಂದಲೇ. ಅದರ ಬೆನ್ನು ಯಾವಾಗಲೂ ಬಿಸಿಯಾಗಿರುತ್ತಿದ್ದುದರಿಂದ ಒದ್ದೆ ಟವೆಲುಗಳನ್ನು ಅದರ ಮೇಲೆ ಹರವಿ ಒಣಗಿಸುತ್ತಿದ್ದ. ಟವೆಲು ಗರಿಗರಿಯಾಗಿ ಒಣಗುತ್ತಿತ್ತು. ಒಂದು ದಿನ ಒಳಗಿಂದ ಬಿಳಿ ಹೊಗೆ ಬಂತು. ಟವೆಲು ಒಣಗಿತ್ತು, ಕಂಪ್ಯೂಟರ್ ತೀರಿಹೋಗಿತ್ತು.

"ಎದೆ ತಟ್ಕೊಳ್ಳೋ ಮುಂಚೆ ತಲೆ ತಟ್ಕೋಬೇಕಿತ್ತು ರೀ" ಎಂದಳು ಹೆಂಡತಿ.

ದಾರಿ ತೋರಿಸಿದ್ದು ಮಗಳು. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಬಿಲ್ ಮಾಡುತ್ತಿದ್ದಳು. ಅಪ್ಪನ ಮಾತೂ ಉಳಿಯಬೇಕು, ಮಾವನ ಮರ್ಯಾದೆಯೂ ಉಳಿಯಬೇಕು. ಅವಳ ಪಾಡು ಅಡಕೆ ಕತ್ತರಿಯ ನಡುವಿನ ಅಡಕೆಯದು.

"ಅಪ್ಪ, ಎಮ್ಯುಲೇಟರ್ ಅಂತ ಇದೆ. ನನ್ನ ಲ್ಯಾಪ್‌ಟಾಪಿಗೆ ಹಾಕಿದ್ರೆ ಅದು ಹಳೇ ಕಂಪ್ಯೂಟರ್ ಥರ ನಡ್ಕೊಳುತ್ತೆ. ನಿನ್ನ ಆಟಕ್ಕೆ ತಾನಿರೋದು ಹೊಸ ಮನೇಲಿ ಅಂತ ಗೊತ್ತೇ ಆಗಲ್ಲ."

"ಅಂದ್ರೆ ವೇಷ ಹಾಕೋದು."

"ಹೂಂ, ವೇಷನೇ."

"ಹಾಗಾದ್ರೆ ಬಣ್ಣ ಬಳಿಯೋದು ನಾನೇ. ನೀನು ಪಕ್ಕದಲ್ಲಿರು, ಕೈ ಹಾಕ್ಬೇಡ."

ಜೆರಾಕ್ಸ್ ಅಂಗಡಿಯವನ ಹತ್ತಿರ ಫ್ಲಾಪಿ ಓದುವ ಡಬ್ಬಿಯೊಂದು ಧೂಳು ತಿನ್ನುತ್ತಿತ್ತು. ಅವನು ಫ್ಲಾಪಿಯ ಹೂರಣವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಟ್ಟ. ಅದನ್ನು ಲ್ಯಾಪ್‌ಟಾಪಿಗೆ ಸುರಿದು, ಇಡುವ ಫೋಲ್ಡರಿಗೆ ಕತ್ತರಿಯಣ್ಣ ಸ್ವತಃ ಹೆಸರಿಟ್ಟ: 'ಕತ್ತರಿಯಣ್ಣನ ಅಮೋಘ ಚದುರಂಗ ವಿಜಯ'. ಅಚ್ಚ ಕನ್ನಡ ಅಕ್ಷರದಲ್ಲಿ.

ಎಮ್ಯುಲೇಟರ್ ತೆರೆದರೆ ಕಪ್ಪು ಪರದೆ, ಮಿಣುಕುವ ಒಂದು ಗೆರೆ. ಕತ್ತರಿಯಣ್ಣನ ಕಣ್ಣು ತುಂಬಿ ಬಂತು. "ಅದೇ ಮುಖ!" ಎಂದ. ಹಳೇ ಅಭ್ಯಾಸದಂತೆ ಆಟದ ಹೆಸರು ಬಡಿದ. ಅಂಥದ್ದು ಇಲ್ಲಿಲ್ಲ ಎಂದಿತು ಅದು. ಇನ್ನೊಮ್ಮೆ ಬಡಿದ, ಜೋರಾಗಿ. ಇಲ್ಲ ಎಂದರೆ ಇಲ್ಲ.

"ಅಪ್ಪ, ಜೋರಾಗಿ ಹೊಡೆದ್ರೆ ಕೇಳೋಕೆ ಅದೇನು ಬಾಗಿಲಾ? ಅದಕ್ಕೆ ಅದರ ಮನೆ ಯಾವುದು ಅಂತ ಮೊದಲು ತೋರಿಸ್ಬೇಕು. ಮೌಂಟ್ ಅಂತ ಒಂದು ಆಜ್ಞೆ ಇದೆ. 'ಈ ಫೋಲ್ಡರೇ ನಿನ್ನ ಸಿ ಡ್ರೈವ್, ನಂಬು' ಅಂತ ಹೇಳ್ಬೇಕು."

ಹೇಳಿದರು. ನಂಬಲಿಲ್ಲ. ಆ ಹೆಸರಿನ ಫೋಲ್ಡರೇ ಇಲ್ಲ ಎಂದು ಹಟ ಹಿಡಿಯಿತು. ಕತ್ತರಿಯಣ್ಣ ಲ್ಯಾಪ್‌ಟಾಪನ್ನು ಬಿಸಿಲಿಗೆ ಹಿಡಿದ, ಆರಿಸಿ ಹಚ್ಚಿದ, ಒಮ್ಮೆ ಅದರ ಬೆನ್ನು ಸವರಿದ. ಮಗಳು ಹಣೆ ಚಚ್ಚಿಕೊಂಡಳು.

"ಅಪ್ಪ, ಅದು ಎಂಟು ಇಂಗ್ಲಿಷ್ ಅಕ್ಷರಕ್ಕೆ ಉಸಿರು ಬಿಡೋ ಕಾಲದ್ದು. ನೀನು ಅದರ ಮೇಲೆ ಕನ್ನಡದಲ್ಲಿ ಶಾಸನ ಕೆತ್ತಿದೀಯಾ. ಹೇಗೆ ಓದುತ್ತೆ?"

"ಅಮೋಘ ಅನ್ನೋದನ್ನ ಬೇಕಾದ್ರೆ ತೆಗೀತೀನಿ."

"ಎಲ್ಲಾ ತೆಗಿ. ಆಟ ಅಂತಿಡು, ಇಂಗ್ಲಿಷ್ ಅಕ್ಷರದಲ್ಲಿ."

ವಿಜಯ ಅಳಿಸುವ ಮುಂಚೆ ಅದನ್ನೊಮ್ಮೆ ಗಟ್ಟಿಯಾಗಿ ಓದಿಕೊಂಡ. ಆದರೆ ಹೆಸರು ಕುಗ್ಗಿದ್ದೇ ತಡ, ಮನೆ ಸಿಕ್ಕಿತು, ಆಟ ಎದ್ದು ಬಂತು. ಕಪ್ಪು ಬಿಳುಪು ಚೌಕಗಳು, ದಪ್ಪ ದಪ್ಪ ಕುದುರೆಗಳು, ಸಾಲಾಗಿ ನಿಂತ ಕಾಲಾಳುಗಳು. ಕತ್ತರಿಯಣ್ಣ ಕಳೆದುಹೋದ ದನ ಸಿಕ್ಕವನ ಹಾಗೆ ಕೂಗಿಕೊಂಡ. ಕೂಗಿಕೊಂಡು ಪರದೆಯ ಮೇಲೊಂದು ಕ್ಲಿಕ್ ಮಾಡಿದ. ಅಷ್ಟಕ್ಕೆ ಮೌಸಿನ ಬಾಣ ಆಟದ ಕಿಟಕಿಯೊಳಗೆ ಹೊಕ್ಕಿತು, ಮತ್ತೆ ಹೊರಗೆ ಬರಲೇ ಇಲ್ಲ. ಎಡಕ್ಕೆಳೆದರೆ ಎಡಗೋಡೆಗೆ ಡಿಕ್ಕಿ, ಬಲಕ್ಕೆಳೆದರೆ ಬಲಗೋಡೆಗೆ.

"ಇಲಿ ಬೋನಿಗೆ ಬಿತ್ತು" ಎಂದಳು ಹೆಂಡತಿ, ಟವೆಲು ಮಡಚುತ್ತ.

ಮಗಳು ಕಂಟ್ರೋಲ್ ಮತ್ತು ಎಫ್ ಹತ್ತು ಒತ್ತಿ ಬಿಡಿಸಿದಳು. ಆಮೇಲೆ ಅವನಿಗೆ ಅದೇ ಒಂದು ಆಟವಾಯಿತು: ಬಾಣವನ್ನು ಒಳಗೆ ಹಾಕುವುದು, ಬಿಡಿಸುವುದು, ಮತ್ತೆ ಹಾಕುವುದು.

ಬೀಗರನ್ನು ಕರೆಯುವ ಮುಂಚೆ ಒಂದು ಕೈ ಆಡಿ ನೋಡೋಣ ಎಂದು ಕತ್ತರಿಯಣ್ಣ ಅತಿ ಕಠಿಣಕ್ಕೆ ಕೂತ. ಇಷ್ಟು ವರ್ಷ ಹೇಳಿ ಹೇಳಿ ಬಾಯಿಪಾಠವಾಗಿದ್ದ ನಡೆಗಳನ್ನೇ ಒಂದೊಂದಾಗಿ ಇಟ್ಟ. ಯಂತ್ರ ಒಂದು ನಿಮಿಷ ಯೋಚಿಸಿ ಪೀಂ ಎಂದಿತು. ಆದರೆ ಅದು ನಡೆಸಿದ್ದು ಕಥೆಯಲ್ಲಿದ್ದ ಕಾಯಿಯನ್ನಲ್ಲ. ಮತ್ತೊಂದು ನಡೆ; ಮತ್ತೆ ಬೇರೆಯೇ ಉತ್ತರ. ಮಂತ್ರಿಯನ್ನು ಬಲಿ ಕೊಡುವ ಜಾಗ ಬರುವ ಮೊದಲೇ ಅದು ಮಂತ್ರಿಯನ್ನು ಕಸಿದುಕೊಂಡು, ಆನೆಗಳನ್ನು ನುಂಗಿ, ರಾಜನನ್ನು ಮೂಲೆಗೆ ಒತ್ತಿ, ಶಾಂತವಾಗಿ ಪೀಂ ಎಂದಿತು. ಇನ್ನೊಂದು ಕೈ ಆಡಿದ. ಇನ್ನೂ ಬೇಗ ಸೋತ.

ಅದಾದ ಮೇಲೆ ಕತ್ತರಿಯಣ್ಣ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಗಿರಾಕಿ ಬಂದರೆ ಬಟ್ಟೆ ಹೊದಿಸುವನು, ಕತ್ತರಿಸುವನು, ಕೊಡವುವನು, ಕಳಿಸುವನು. ಮೊದಮೊದಲು ಜನಕ್ಕೆ ಹಾಯೆನಿಸಿತು. ಆಮೇಲೆ ದಿಗಿಲಾಯಿತು. ಮಾತಿಲ್ಲದ ಕತ್ತಿಯ ಸದ್ದು ಮಾತ್ರ ಕಿವಿಯ ಬುಡದಲ್ಲಿ ಕೇಳುವುದು ಸುಖದ ವಿಷಯವಲ್ಲ. ಒಬ್ಬನಂತೂ ಒಂದು ಕಡೆಯ ಮೀಸೆ ಉಳಿದಿರುವಾಗಲೇ ಎದ್ದು ಹೋದ.

"ಏನಾದ್ರೂ ಮಾತಾಡಿ ರೀ" ಎಂದಳು ಹೆಂಡತಿ. "ಗಿರಾಕಿಗಳು ಹೆದರ್ತಿದಾರೆ. ಸುಳ್ಳಾದ್ರೂ ಹೇಳಿ."

"ಅದೇ ಕಣೆ ನನಗೂ ಹತ್ತಿರೋ ಹುಳ. ನಾನು ಗೆದ್ದಿದ್ದೇ ಸುಳ್ಳಾ? ಹೇಳೀ ಹೇಳೀ ನಾನೇ ನಂಬಿಬಿಟ್ನಾ?"

ಗಂಡ ಕಥೆ ಹೇಳಿದರೆ ತಲೆನೋವು, ಹೇಳದಿದ್ದರೆ ಎದೆನೋವು. ಇದು ಹೆಂಡತಿಗೂ ಈಗಲೇ ತಿಳಿದದ್ದು.

ಉತ್ತರ ಹೊಳೆದದ್ದು ಕೆಲಸದ ನಡುವೆ. ಬೀಗದ ಕೈಯವನು ಗಡ್ಡಕ್ಕೆ ಕೂತಿದ್ದ. ಕತ್ತರಿಯಣ್ಣ ಬ್ರಷ್ ಅದ್ದಿ ಅವನ ಎಡಗೆನ್ನೆಗೆ ನೊರೆ ಹಚ್ಚುತ್ತಿದ್ದವನು, ಕಿವಿಯ ಹತ್ತಿರ ಬಂದಾಗ ಥಟ್ಟನೆ ಪರದೆಯ ಕಡೆ ತಿರುಗಿದ. ಅಭ್ಯಾಸಬಲ. ಹಳೇ ಯಂತ್ರದಲ್ಲಿ ಆಟ ಹಚ್ಚಿ ಬಂದು ಒಂದು ಕೆನ್ನೆಗೆ ನೊರೆ ಹಚ್ಚಿ ಮುಗಿಸುವ ಹೊತ್ತಿಗೆ ಸರಿಯಾಗಿ ಚದುರಂಗದ ಹಲಗೆಯ ಚಿತ್ರ ಪೂರ್ತಿಯಾಗುತ್ತಿತ್ತು. ಚೌಕದ ಪಕ್ಕ ಚೌಕ, ಕುದುರೆಯ ಪಕ್ಕ ಕುದುರೆ, ಸುಣ್ಣ ಬಳಿಯುವ ಸೋಮಾರಿಯ ಹಾಗೆ ಮೆಲ್ಲಗೆ ಬರೆಯುತ್ತಿತ್ತು. ಆದರೆ ಮಗಳ ಲ್ಯಾಪ್‌ಟಾಪಿನಲ್ಲಿ ಹಲಗೆ ಕಣ್ಣು ಮಿಟುಕಿಸುವುದರಲ್ಲಿ ಮೂಡಿ ನಿಂತಿತ್ತು!

ಬ್ರಷ್ ಕೈಯಲ್ಲೇ ಇತ್ತು. ಫೋನಿಗೆ ನೊರೆ ಮೆತ್ತುತ್ತ ಮಗಳಿಗೆ ಹೇಳಿದ. ಅವಳು ಆ ಕಡೆಯಿಂದ ಕಿರುಚಿದಳು.

"ಅಯ್ಯೋ ಅಪ್ಪ, ಅದೇ ಸರಿ! ಆಟಕ್ಕೆ ಯೋಚನೆ ಮಾಡೋಕೆ ಇರೋದು ಒಂದು ನಿಮಿಷ. ಹಳೇ ಯಂತ್ರ ನಿಧಾನ, ಆ ನಿಮಿಷದಲ್ಲಿ ತನ್ನ ಮೂಗಿನ ತುದಿ ನೋಡ್ಕೊಳೋ ಹೊತ್ತಿಗೆ ಟೈಮ್ ಮುಗೀತಿತ್ತು. ಇದು ಅದೇ ನಿಮಿಷದಲ್ಲಿ ನಿನ್ನ ಮೊಮ್ಮಕ್ಕಳ ನಡೆನೂ ನೋಡ್ತಿದೆ. ಎಮ್ಯುಲೇಟರಿನ ವೇಗ ಇಳಿಸ್ಬೇಕು. ಅದಕ್ಕೂ ಗುಂಡಿ ಇದೆ."

"ಅಂದ್ರೆ ನಾನು ಗೆದ್ದಿದ್ದು ನಿಜ!"

"ನಿಜ ಇರ್ಬಹುದು. ಆದ್ರೆ ಅತಿ ಕಠಿಣ ಅಂದಿದ್ದು ಅಷ್ಟೇನೂ ಕಠಿಣ ಇರ್ಲಿಲ್ಲ."

ಕೊನೆಯ ಮಾತು ಅವನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಬೀಗದ ಕೈಯವನಿಗೆ ಕಥೆ ಶುರುವಾಗಿತ್ತು.

ಅಂಗಡಿಗೆ ರಜೆ ಇರುವ ದಿನ ಬೀಗರು ಬಂದರು. ಕತ್ತರಿಯಣ್ಣ ವಿಷಯ ಹೇಳಿದ. ಅವರು ಕುಲುಕುಲು ನಕ್ಕರು.

"ಏನಂದ್ರಿ? ಯಂತ್ರದ ಬುದ್ಧಿ ಇಳಿಸಿ ಆಡ್ತೀರಾ? ಕುಸ್ತಿಗೆ ಬಂದೋನಿಗೆ ನಿದ್ದೆ ಮಾತ್ರೆ ಕೊಟ್ಟು ಕೆಡವಿದ ಹಾಗಾಯ್ತು, ಬೀಗರೇ."

"ಮಾತ್ರೆ ಅಲ್ಲ ಮಾವ" ಎಂದಳು ಮಗಳು. "ಹಳೇದು ಹುಟ್ಟಾ ತೂಕಡಿಕೆದು. ಇದನ್ನ ಅದರಷ್ಟೇ ನಿಧಾನ ಮಾಡೋದು, ಒಂದು ಕೂದಲೂ ಜಾಸ್ತಿ ಅಲ್ಲ."

"ಎಷ್ಟು ನಿಧಾನ ಅಂತ ಹೇಗೆ ಗೊತ್ತಾಗುತ್ತಮ್ಮ? ಅಳತೆ ಏನು? ತಕ್ಕಡಿ ಸರಿ ಮಾಡ್ಬೇಕು ಅಂದ್ರೆ ನಂಬಿಕೆ ಇರೋ ಒಂದು ತೂಕದ ಕಲ್ಲು ಬೇಕಲ್ಲ."

"ಕೆನ್ನೆ" ಎಂದ ಕತ್ತರಿಯಣ್ಣ.

"ಏನು?"

"ಒಂದು ಕೆನ್ನೆಗೆ ನೊರೆ ಹಚ್ಚಿ ಮುಗಿಯೋದಕ್ಕೂ ಹಲಗೆ ಬರೆದು ಮುಗಿಯೋದಕ್ಕೂ ಸರಿ ಹೋಗ್ತಿತ್ತು. ನನ್ನ ಕೈ ಇಷ್ಟು ವರ್ಷದಲ್ಲಿ ಬದಲಾಗಿಲ್ಲ. ಅದೇ ನನ್ನ ಕಲ್ಲು."

ಬೀಗರ ನಗು ನಿಂತಿತು. ತಲೆಯ ಮೇಲೆ ಕೈಯಾಡಿಸಿಕೊಂಡರು. ಅಳತೆ, ತೂಕ, ಮುಳ್ಳು ಸರಿ ಮಾಡುವುದು ಎಂದರೆ ಅವರಿಗೆ ಹಸುಗೂಸಿಗೆ ಬೆಲ್ಲ ತೋರಿಸಿದ ಹಾಗೆ. ವೇಬ್ರಿಡ್ಜಿನಲ್ಲಿ ವರ್ಷಕ್ಕೊಮ್ಮೆ ತೂಕ ಸರಿಪಡಿಸುವ ದಿನ ಅವರು ಹೊಸ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರಂತೆ.

"ಯಾರ ಕೆನ್ನೆ?" ಎಂದರು.

"ಯಾರದಾದ್ರೂ ಆದೀತು. ಬೀಗದ ಕೈಯವನ್ನ ಕರೀತೀನಿ."

"ಬೇಡ. ಅವನು ನಿಮ್ಮ ಕಡೆಯೋನು, ಕೆನ್ನೆ ಉಬ್ಬಿಸಿ ಮೋಸ ಮಾಡಿದ್ರೆ? ಅಳತೆ ಅಂದ್ರೆ ನನ್ನ ಕೆನ್ನೆ ಮೇಲೇ ಆಗ್ಲಿ."

ಹೀಗೆ ಬೀಗರು ಕುರ್ಚಿ ಹತ್ತಿದರು. ಕತ್ತರಿಯಣ್ಣ ಬಿಳಿ ಬಟ್ಟೆ ಹೊದಿಸಿ ಗಂಟು ಹಾಕಿದ. ಲ್ಯಾಪ್‌ಟಾಪು ಕನ್ನಡಿಯ ಮುಂದಿನ ಮೇಜಿನ ಮೇಲೆ ಕೂತಿತು. ಮಗಳು ಕಂಟ್ರೋಲ್ ಮತ್ತು ಎಫ್ ಹನ್ನೊಂದರ ಮೇಲೆ ಬೆರಳಿಟ್ಟು ಕಾದಳು; ಅದು ವೇಗ ಇಳಿಸುವ ಗುಂಡಿ. ಒಂದು ಕೆನ್ನೆಗೆ ನೊರೆ, ಪಕ್ಕದಲ್ಲಿ ಹಲಗೆ. ಹಲಗೆ ಮೊದಲು ಮುಗಿಯಿತು. ಮಗಳು ವೇಗ ಇಳಿಸಿದಳು. ನೊರೆ ಒರೆಸಿ ಮತ್ತೆ ಹಚ್ಚಿದ. ಇನ್ನೂ ಹಲಗೆಯೇ ಮುಂದೆ.

"ನಿಮ್ಮ ಕೆನ್ನೆ ಒಂದು ಅಲ್ಲ ಬೀಗರೇ, ಇದರಲ್ಲಿ ಇಬ್ಬರು ಗಿರಾಕಿಗಳಿದಾರೆ. ಬ್ರಷ್ ಆ ಕಡೆ ಹೋಗಿ ಬರೋಕೆ ಬುತ್ತಿ ಕಟ್ಕೊಂಡು ಹೋಗ್ಬೇಕು."

"ಕಲ್ಲನ್ನ ಬೈಬೇಡಿ. ಕಲ್ಲು ಇದ್ದ ಹಾಗೇ ಇರುತ್ತೆ. ನಿಮ್ಮ ಕೈ ಸರಿಯಾಗಿ ಆಡ್ಲಿ."

ಒರೆಸಿದರು, ಹಚ್ಚಿದರು, ಇಳಿಸಿದರು. ಒಮ್ಮೆ ಮಗಳು ಗುಂಡಿಯನ್ನು ಅತಿಯಾಗಿ ಒತ್ತಿ, ಹಲಗೆ ಒಂದು ಸಾಲು ಬರೆದು ಹಾಗೇ ನಿದ್ದೆ ಹೋಯಿತು. ಎಫ್ ಹನ್ನೆರಡರಿಂದ ಎಬ್ಬಿಸಬೇಕಾಯಿತು. ಬೀಗರ ಎಡಗೆನ್ನೆ ತೊಳೆದ ಬೀಟ್‌ರೂಟಿನಂತಾಯಿತು. ಕೊನೆಗೊಮ್ಮೆ ಕಿವಿಯ ಬುಡದಲ್ಲಿ ಬ್ರಷ್ ನಿಂತದ್ದೂ ಮೂಲೆಯ ಆನೆ ಮೂಡಿದ್ದೂ ಒಂದೇ ಗಳಿಗೆಯಲ್ಲಿ ಆಯಿತು. "ಮುಳ್ಳು ನಿಂತಿತು!" ಎಂದು ಬೀಗರೇ ಕೂಗಿದರು.

ಆದರೆ ಒಂದು ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ಬೀಗರು ಕನ್ನಡಿಯೊಳಗಿಂದ ರೆಪ್ಪೆ ಬಡಿಯದೆ ದಿಟ್ಟಿಸುತ್ತಿದ್ದುದರಿಂದ ಕತ್ತರಿಯಣ್ಣನ ಕೈ ಕೊಂಚ ಅವಸರಪಟ್ಟಿತ್ತು. ಹಾಗಾಗಿ ಯಂತ್ರಕ್ಕೆ ಹಳೇದಕ್ಕಿಂತ ಒಂದು ಗುಲಗಂಜಿಯಷ್ಟು ಬುದ್ಧಿ ಹೆಚ್ಚೇ ಉಳಿದುಕೊಂಡಿತು.

ಆಟ ಶುರುವಾಯಿತು. ಬೀಗರು ನೊರೆ ಒರೆಸಿಕೊಳ್ಳಲೂ ಒಪ್ಪದೆ ಕುರ್ಚಿಯಲ್ಲೇ ಕೂತು ನೋಡಿದರು. ಕತ್ತರಿಯಣ್ಣ ಒಂದು ನಡೆ ನಡೆಸಿ, "ಈಗ ಅದು ಬಲಗಡೆ ಕುದುರೆ ಎಬ್ಬಿಸುತ್ತೆ ನೋಡಿ" ಎನ್ನುವನು. ಒಂದು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿಯುವರು. ಪೀಂ. ಬಲಗಡೆ ಕುದುರೆ ಏಳುವುದು. "ಈಗ ಕಾಲಾಳು ಎರಡು ಮನೆ ಹಾರುತ್ತೆ." ಪೀಂ. ಹಾರುವುದು. ಕಥೆಯಲ್ಲಿ ಇದ್ದದ್ದು ಇದ್ದ ಹಾಗೇ ಪರದೆಯ ಮೇಲೆ ನಡೆಯತೊಡಗಿತು. ಹೆಂಡತಿ ಟವೆಲು ಬಿಟ್ಟು ಬಂದು ನಿಂತಳು. ಇಷ್ಟು ವರ್ಷ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟದ್ದು ಕಣ್ಣೆದುರಿಗೆ ಬಂದಾಗ ಅವಳಿಗೆ ಸ್ವಲ್ಪ ಭಯವೇ ಆಯಿತು. ಬೀಗರ ಮುಖ, ಅಂದರೆ ನೊರೆಯಿಲ್ಲದ ಅರ್ಧ, ಬಿಗಿಯಾಗುತ್ತ ಬಂತು.

ಕೊನೆಗೆ ಆ ಜಾಗ ಬಂತು. ಕತ್ತರಿಯಣ್ಣ ಎದ್ದು ನಿಂತ. ಗಂಟಲು ಸರಿ ಮಾಡಿಕೊಂಡ. "ಈಗ ನೋಡಿ, ಮಂತ್ರಿ ಬಲಿ!" ಎಂದು ಮಂತ್ರಿಯನ್ನು ಯಂತ್ರದ ಬಾಯಿಗೇ ಒಡ್ಡಿದ. "ಇದು ಹಸಿದ ನಾಯಿ. ಈಗ ಹಾರುತ್ತೆ."

ಪೀಂ.

ಯಂತ್ರ ಮಂತ್ರಿಯನ್ನು ಮುಟ್ಟಲಿಲ್ಲ. ತನ್ನ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿಕೊಂಡು, ಊಟ ಆಯ್ತು ಎನ್ನುವವರ ಹಾಗೆ ಸುಮ್ಮನೆ ಕೂತಿತು.

ಇಲ್ಲಿಂದ ಮುಂದೆ ಕತ್ತರಿಯಣ್ಣನ ಹತ್ತಿರ ಕಥೆ ಇರಲಿಲ್ಲ. ಎಷ್ಟೋ ಕಾಲದಿಂದ ಅವನು ಈ ಆಟವನ್ನು ಹೇಳಿದ್ದನೇ ಹೊರತು ಆಡಿರಲಿಲ್ಲ. ಹಲಗೆಯನ್ನು ನೋಡಿದ, ಅದು ಯಾರದೋ ಮನೆಯ ಹಲಗೆಯ ಹಾಗೆ ಕಂಡಿತು. ಕಥೆಗೆ ಮಂಗಳ ಹಾಡುವ ಗಳಿಗೆ ಬಂದೇಬಿಟ್ಟಿತು ಎಂದುಕೊಂಡ.

"ಅಪ್ಪ, ನಡೆಸು ಏನಾದ್ರೂ" ಎಂದಳು ಮಗಳು ಮೆಲ್ಲಗೆ.

ಅವನು ಬೆರಳನ್ನು ಆನೆಯ ಕಡೆ ಒಯ್ದ.

"ಅಯ್ಯೋ ಅಲ್ಲಾರೀ!" ಎಂದರು ಬೀಗರು.

ಎಲ್ಲರೂ ತಿರುಗಿದರು. ಬೀಗರು ಬಟ್ಟೆಯೊಳಗಿಂದ ಕೈ ಹೊರಗೆಳೆದು ಪರದೆ ತೋರಿಸುತ್ತಿದ್ದರು. ಒಣಗಿದ ನೊರೆ ಕೆನ್ನೆಯಿಂದ ಸುಣ್ಣದ ಚಕ್ಕೆಯ ಹಾಗೆ ಉದುರುತ್ತಿತ್ತು.

"ಆನೆ ಯಾಕೆ ಮುಟ್ತೀರಿ? ಆ ಕುದುರೆ ಏನು, ಸಂಬಳ ಇಲ್ಲದೆ ನಿಂತಿದೆಯಾ? ಲಾಯದಿಂದ ಎಬ್ಬಿಸಿ ಅದನ್ನ!"

"ಕುದುರೆ ಎಬ್ಬಿಸಿದ್ರೆ ಮಂತ್ರಿ ಗತಿ?"

"ಮಂತ್ರೀನ ಆಗ್ಲೇ ಬಲಿ ಅಂತ ಬಿಟ್ರಲ್ಲ! ಕೊಟ್ಟ ಮೇಲೆ ಅಳೋದ್ಯಾಕೆ?"

"ನೀವು ಆಡಬಾರದು ಬೀಗರೇ. ನೀವು ಎದುರು ಪಾರ್ಟಿ."

"ನಾನು ಆಡ್ತಿಲ್ಲ. ಕಣ್ಣಿಗೆ ಕಂಡಿದ್ದು ಹೇಳ್ತಿದೀನಿ. ಎದುರಿಗೆ ಲಾರಿ ಹಳ್ಳಕ್ಕೆ ಬೀಳ್ತಿದ್ರೆ ಸುಮ್ನಿರೋಕಾಗುತ್ತಾ?"

ಕುದುರೆ ಎದ್ದಿತು. ಪೀಂ. ಆಮೇಲೆ ಕತ್ತರಿಯಣ್ಣನಿಗೆ ಒಂದು ದಾರಿ ಕಂಡಿತು, ಬೀಗರಿಗೆ ಇನ್ನೊಂದು. ಜಗಳವಾಡಿದರು. ಕತ್ತರಿಯಣ್ಣ ಬ್ರಷ್ಷನ್ನು ಕುದುರೆ ಮಾಡಿ, ಬೀಗರು ನೊರೆಯ ಬಟ್ಟಲನ್ನು ರಾಜ ಮಾಡಿ, ಕನ್ನಡಿಯ ಮುಂದಿನ ಮೇಜಿನ ತುಂಬ ಯುದ್ಧ ಹೂಡಿದರು. "ನಿಮಗೆ ಮುಂದಿನ ನಡೆ ಕಾಣ್ಸಲ್ಲ", "ನಿಮಗೆ ಹಿಂದಿನದೇ ಜ್ಞಾಪಕ ಇಲ್ಲ", "ತಲೆ ಇದ್ರೆ ತಾನೇ", "ತಲೆಗೆ ಬರ್ಬೇಡಿ, ಅಲ್ಲಿ ನಿಮ್ಮ ಕೆಲಸ ಏನೂ ಇಲ್ಲ." ಒಂದು ಸಲ ಇಬ್ಬರೂ ಒಟ್ಟಿಗೆ ಮೌಸ್ ಹಿಡಿದು, ಆನೆ ತಪ್ಪು ಮನೆಗೆ ಹಾರುವುದರಲ್ಲಿತ್ತು, ಮಗಳು ಇಬ್ಬರ ಕೈಗೂ ಹೊಡೆದಳು. ಎದುರಿಗೆ ಯಂತ್ರ ಮಾತ್ರ ತನ್ನ ನಿಮಿಷವನ್ನು ತಾನು ತೂಕಡಿಸುತ್ತ, ಪೀಂ ಎನ್ನುತ್ತ, ಒಂದೊಂದೇ ಹೆಜ್ಜೆ ಮೂಲೆಗೆ ಸರಿಯತೊಡಗಿತು. ಕೊನೆಗೆ ಕತ್ತರಿಯಣ್ಣನ ಆನೆ ಬಾಗಿಲು ಹಾಕಿತು, ಬೀಗರ ಕುದುರೆ ಕಿಟಕಿ ಹಾಕಿತು. ರಾಜನಿಗೆ ಜಾಗ ಉಳಿಯಲಿಲ್ಲ. 'ನೀವು ಗೆದ್ದಿರಿ' ಎಂದು ಇಂಗ್ಲಿಷಿನಲ್ಲಿ ಬರೆದು ಯಂತ್ರ ಸುಮ್ಮನಾಯಿತು.

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕತ್ತರಿಯಣ್ಣನ ಅಂಗಿಗೆಲ್ಲ ನೊರೆಯಾಯಿತು.

ತಬ್ಬಿದ ಕೈ ಬಿಟ್ಟ ಮೇಲೆ ಕತ್ತರಿಯಣ್ಣನಿಗೆ ನಿಜದ ಪ್ರಶ್ನೆ ನೆನಪಾಯಿತು. ಗೆದ್ದದ್ದು ಸರಿ, ಆದರೆ ಗೆದ್ದವರು ಯಾರು? ಬೀಗರು ಬಾಯಿ ಹಾಕದಿದ್ದರೆ ಸೋತಿರುತ್ತಿದ್ದ. ಆಟ ಕಥೆಯ ಹಾಗೆ ಮುಗಿಯಲೂ ಇಲ್ಲ. ತಲೆ ತಗ್ಗಿಸಿ ಕೇಳಿದ:

"ಈಗ ಹೇಳಿ ಬೀಗರೇ. ನನ್ನ ಮಾತು ಸುಳ್ಳು ಅಂತೀರೋ, ನಿಜ ಅಂತೀರೋ?"

ಬೀಗರು ಇಕ್ಕಳದಲ್ಲಿ ಸಿಕ್ಕಿದ್ದು ಆಗ ಅವರಿಗೇ ಹೊಳೆಯಿತು. ಈ ಯಂತ್ರ ಮಂಕು, ಅಳತೆ ಸರಿಯಿಲ್ಲ ಎಂದರೆ ತಾವು ಈಗ ಗೆದ್ದದ್ದೂ ಒಂದು ಮಂಕನ್ನೇ ಎಂದಾಗುತ್ತದೆ. ಅಳತೆ ಸರಿ ಎಂದರೆ ಕತ್ತರಿಯಣ್ಣನ ಹಳೆಯ ಗೆಲುವೂ ಸರಿ ಎಂದಾಗುತ್ತದೆ. ಕನ್ನಡಿಯಲ್ಲಿ ತಮ್ಮ ಅರ್ಧ ಮುಖ ನೋಡಿಕೊಂಡು ಕೆನ್ನೆಯ ನೊರೆ ಒರೆಸಿಕೊಂಡರು.

"ತಕ್ಕಡಿ ನಿಜದ್ದು" ಎಂದರು ಕೊನೆಗೆ. "ಅಳತೆ ನನ್ನ ಕೆನ್ನೆ ಮೇಲೇ ಆಗಿದೆ. ಇಂಥಾ ಯಂತ್ರಾನ ನೀವು ಹಿಂದೆ ಸೋಲಿಸಿದ್ರಿ ಅಂದ್ರೆ ನಾನು ನಂಬ್ತೀನಿ. ಅತಿ ಕಠಿಣ ಇತ್ತು, ಬೀಗರೇ. ಭಾರಿ ಕಠಿಣ ಇತ್ತು."

ಮಗಳು ಕೆಮ್ಮಿ ಮುಖ ತಿರುಗಿಸಿಕೊಂಡಳು.

ಕತ್ತರಿಯಣ್ಣನ ಮಾತು ಹೀಗೆ ಉಳಿಯಿತು. ಆದರೆ ಉಳಿದ ಮಾತು ಅವನೊಬ್ಬನ ಬಾಯಲ್ಲಿ ಉಳಿಯಲಿಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆರೆಯುವುದರೊಳಗೆ ಬೀಗರು ಹಾಜರು. ಸಡಿಲ ತಿರುಗಣಿಯ ಕುರ್ಚಿಯಲ್ಲಿ ಕೂತರು. ಕುರ್ಚಿ ತಾನಾಗಿ ಬೀದಿಯ ಕಡೆ ತಿರುಗುತ್ತಿದ್ದುದರಿಂದ ಹೋಗಿ ಬರುವವರಿಗೂ ಹೇಳಲು ಅನುಕೂಲವಾಯಿತು. ಅವರು ಹೇಳುವ ಕಥೆಯಲ್ಲಿ ಕತ್ತರಿಯಣ್ಣನ ಹಳೆಯ ಗೆಲುವು ಮುನ್ನುಡಿಯಷ್ಟು ಮಾತ್ರ. ಕುದುರೆ ಎದ್ದಲ್ಲಿಂದ ನಿಜವಾದ ಕಥೆ.

"ಆಗ ನಾನು ಶಾಂತವಾಗಿ ಹೇಳಿದೆ, ಬೀಗರೇ ಕುದುರೆ ನಡೆಸಿ ಅಂತ" ಎನ್ನುತ್ತಿದ್ದರು ಒಂದು ದಿನ.

"ಶಾಂತವಾಗಿ ಎಲ್ಲಿ? ಊರಿಗೆಲ್ಲ ಕೇಳೋ ಹಾಗೆ ಅರಚಿದ್ರಿ" ಎಂದ ಕತ್ತರಿಯಣ್ಣ, ಜೆರಾಕ್ಸ್ ಅಂಗಡಿಯವನ ತಲೆಯನ್ನು ಬಗ್ಗಿಸುತ್ತ.

"ನೀವು ಕೆಲಸದ ಕಡೆ ಗಮನ ಕೊಡಿ. ಅವರ ಕಿವಿ ಅಲ್ಲೇ ಇದೆ."

"ಕುದುರೆ ಎದ್ದಿದ್ದು 'ನಿಮ್ಮಿಂದ' ಅಂತಾನೇ ಇಟ್ಕೊಳ್ಳಿ. ಬಾಗಿಲು ಹಾಕಿದ್ದು ಯಾವುದು? ಆನೆ. ಆನೆ ಯಾರದು?"

"ಕಿಟಕಿ ತೆರೆದಿದ್ರೆ ಬಾಗಿಲು ಹಾಕಿ ಏನು ಫಲ?"

ಬಟ್ಟೆಯ ಅಡಿಯಿಂದ ಜೆರಾಕ್ಸ್ ಅಂಗಡಿಯವನು, ತಲೆ ಬಗ್ಗಿಸಿಕೊಂಡೇ, ಅಂಜುತ್ತ ಅಂಜುತ್ತ ಕೇಳಿದ: "ಅದೆಲ್ಲ ಸರಿ, ಆ ಮಂತ್ರಿ ಕೊನೆಗೆ ಏನಾಯ್ತು?"

ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಕತ್ತರಿ ನಿಂತಿತು. ಆ ದಿನ ಜೆರಾಕ್ಸ್ ಅಂಗಡಿಯ ಬಾಗಿಲು ಮಧ್ಯಾಹ್ನದವರೆಗೆ ತೆರೆಯಲಿಲ್ಲ.